ಪೌರಕಾರ್ಮಿಕರ ಕೈಗೆ ಯಾವ ಗ್ಲೌಸ್ ಸರಿ? ಆರಿಸುವ ಮೊದಲು ಗೊತ್ತಿರಬೇಕಾದ್ದು

ಪೌರಕಾರ್ಮಿಕರ ಸುರಕ್ಷತೆ ಬಗ್ಗೆ ಮಾತು ಎತ್ತಿದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತೆ: ಗ್ಲೌಸ್ ಕೊಟ್ಟಿದ್ದೀವಿ, ಅವರೇ ಹಾಕ್ಕೊಳ್ಳಲ್ಲ. ಕಚೇರಿಯಲ್ಲೂ ಇದೇ, ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲೂ ಇದೇ, ದರ್ಶಿನಿ ಮುಂದೆ ನಿಂತು ಕಾಫಿ ಕುಡಿಯುವವರ ಬಾಯಲ್ಲೂ ಇದೇ. ಅಲ್ಲಿಗೆ ಮಾತು ಮುಗಿಯುತ್ತೆ, ತಪ್ಪು ಕೆಲಸ ಮಾಡುವವರ ತಲೆಗೆ ಬೀಳುತ್ತೆ.

ಆದ್ರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಕೊಟ್ಟಿದ್ದು ಯಾವ ಗ್ಲೌಸ್? ಯಾವ ಸೈಜು? ಯಾವ ಕೆಲಸಕ್ಕೆ? ಹರಿದ ಮೇಲೆ ಇನ್ನೊಂದು ಜೊತೆ ಎಷ್ಟು ದಿನಕ್ಕೆ ಸಿಗುತ್ತೆ? ಈ ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ "ಕೊಟ್ಟಿದ್ದೀವಿ" ಅನ್ನುವ ಮಾತಿಗೆ ಬೆಲೆ ಇಲ್ಲ. ಹಾಕಿಕೊಂಡು ಕೆಲಸ ಮಾಡಲಾಗದ ಗ್ಲೌಸ್ ರಕ್ಷಣೆ ಅಲ್ಲ, ರಿಜಿಸ್ಟರ್‌ನಲ್ಲಿ ಒಂದು ಸಾಲು ಅಷ್ಟೇ.

ಕೈ ಕೆಸರಾದರೆ ಬಾಯಿ ಮೊಸರು ಅಂತೀವಿ. ಅದು ಗದ್ದೆಯ ಕೆಸರಿನ ಗಾದೆ. ಬಿಟಿಎಂ ಲೇಔಟ್‌ನ ಪಿಜಿ ಮುಂದೆ ಕಟ್ಟಿಟ್ಟ ಕಪ್ಪು ಕವರಿನೊಳಗೆ ಇರೋದು ಬೇರೆ ಥರದ ಕೆಸರು. ಅದರಲ್ಲಿ ಕೈ ಹಾಕುವವರಿಗೆ ಯಾವ ಗ್ಲೌಸ್ ಬೇಕು, ಅದನ್ನು ಹೇಗೆ ಆರಿಸಬೇಕು, ಕೊಂಡವರನ್ನು ಹೇಗೆ ಪ್ರಶ್ನಿಸಬೇಕು ಅನ್ನೋದನ್ನ ಈ ಬರಹ ವಿವರಿಸುತ್ತೆ. ನಿಮ್ಮ ವಾರ್ಡ್‌ಗೂ, ಅಪಾರ್ಟ್‌ಮೆಂಟ್‌ನ ಹೌಸ್‌ಕೀಪಿಂಗ್ ಸಿಬ್ಬಂದಿಗೂ ಇದು ಅನ್ವಯಿಸುತ್ತೆ.

ಕಾನೂನು ಏನು ಹೇಳುತ್ತೆ?

2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಇದು ಬರೆದಿತ್ತು. ಕಸ ನಿರ್ವಹಿಸುವ ಎಲ್ಲ ಕಾರ್ಮಿಕರಿಗೆ ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ರೇನ್‌ಕೋಟ್, ಸರಿಯಾದ ಪಾದರಕ್ಷೆ ಮತ್ತು ಮಾಸ್ಕ್ ಸಿಗುವಂತೆ, ಅವರು ಅವನ್ನು ಬಳಸುವಂತೆ ನೋಡಿಕೊಳ್ಳೋದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ. ಗುತ್ತಿಗೆದಾರ ಕೊಡಲಿಲ್ಲ ಅಂತ ಪಾಲಿಕೆ ಕೈ ತೊಳೆದುಕೊಳ್ಳುವ ಹಾಗಿಲ್ಲ. "ಕೊಡುವುದು" ಮತ್ತು "ಬಳಸುವಂತೆ ನೋಡಿಕೊಳ್ಳುವುದು" ಎರಡೂ ಜವಾಬ್ದಾರಿಯೊಳಗೇ ಇವೆ. ಹಾಕ್ಕೊಳ್ಳಲ್ಲ ಅನ್ನೋದು ಕಾರ್ಮಿಕರ ಮೇಲಿನ ದೂರು ಅಂತ ಹೇಳುವವರು ಗಮನಿಸಬೇಕು: ಆ ನಿಯಮದ ಪ್ರಕಾರ ಅದು ಪಾಲಿಕೆಯ ಲೋಪದ ಒಪ್ಪಿಗೆ.

ಬೆಂಗಳೂರಿನಲ್ಲಿ ಇದು ಇನ್ನೂ ಸ್ವಲ್ಪ ಸಿಕ್ಕಾಗಿದೆ. ರಸ್ತೆ ಗುಡಿಸುವ ಪೌರಕಾರ್ಮಿಕರಲ್ಲಿ 12 ಸಾವಿರಕ್ಕೂ ಹೆಚ್ಚು ಜನರಿಗೆ 2025ರ ಮೇ 1ರಂದು ಕಾಯಂ ನೇಮಕಾತಿ ಪತ್ರ ಸಿಕ್ಕಿತು. 2022ರ ಜುಲೈನಲ್ಲಿ ರಾಜ್ಯದುದ್ದಕ್ಕೂ ನಡೆದ ಮುಷ್ಕರವೂ ಸೇರಿ, ವರ್ಷಗಳ ಹೋರಾಟದ ಫಲ ಅದು. ಆದ್ರೆ ಮನೆಮನೆ ಕಸ ಎತ್ತುವ ಆಟೋ ಟಿಪ್ಪರ್‌ಗಳ ಚಾಲಕರು, ಸಹಾಯಕರು ಗುತ್ತಿಗೆ ವ್ಯವಸ್ಥೆಯಲ್ಲೇ ದುಡಿಯುತ್ತಾ ಬಂದವರು. ಒಣಕಸ ಸಂಗ್ರಹ ಕೇಂದ್ರಗಳಲ್ಲಿ ಕಸ ವಿಂಗಡಿಸುವವರದ್ದು ಮತ್ತೊಂದು ವ್ಯವಸ್ಥೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಅಡಿ ಐದು ಪಾಲಿಕೆಗಳು ಬಂದಿವೆ. ಕಸದ ಹೊಣೆಗೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಅನ್ನುವ ಕಂಪನಿಯೂ ಇದೆ. ಅಂದ್ರೆ ಒಂದೇ ಬೀದಿಯಲ್ಲಿ ಗುಡಿಸುವವರ ಗ್ಲೌಸ್ ಕೊಳ್ಳುವವರು ಒಬ್ಬರು, ಕಸ ಎತ್ತುವವರ ಗ್ಲೌಸ್ ಕೊಳ್ಳುವವರು ಇನ್ನೊಬ್ಬರು ಆಗಿರಬಹುದು. ಹಾಕಿಕೊಳ್ಳುವವರನ್ನು ಕೇಳಿ ಕೊಳ್ಳುವ ಪದ್ಧತಿ ಮಾತ್ರ ಎರಡೂ ಕಡೆ ಬೇಕು.

ಕೈಗೆ ತಾಗೋದು ಏನೇನು?

ಗ್ಲೌಸ್ ಆರಿಸುವ ಕೆಲಸ ಅಂಗಡಿಯಲ್ಲಿ ಶುರುವಾಗಲ್ಲ, ಕಸದ ಬುಟ್ಟಿಯ ಹತ್ತಿರ ಶುರುವಾಗುತ್ತೆ. ದಕ್ಷಿಣ ಬೆಂಗಳೂರಿನ ಕಸದಲ್ಲಿ ಕೈಗೆ ಎದುರಾಗುವ ಅಪಾಯಗಳನ್ನು ಐದು ಗುಂಪು ಮಾಡಬಹುದು.

ಮೊದಲನೆಯದು ಉಜ್ಜಾಟ. ಜಯನಗರದಂಥ ಮರಗಳ ಬಡಾವಣೆಯಲ್ಲಿ ಎಲೆ ಉದುರುವ ಕಾಲಕ್ಕೆ ಗಂಟೆಗಟ್ಟಲೆ ಪೊರಕೆ ಹಿಡಿಯಬೇಕು. ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತೆ, ಚರ್ಮ ಒಡೆಯುತ್ತೆ. ಒಡೆದ ಚರ್ಮ ಅಂದ್ರೆ ಸೋಂಕಿಗೆ ತೆರೆದ ಬಾಗಿಲು.

ಎರಡನೆಯದು ಕೊಯ್ತ. ಬಾಟಲಿ ಚೂರು, ಟ್ಯೂಬ್‌ಲೈಟ್, ಬ್ಲೇಡು, ತಗಡು, ಟೈಲ್ಸ್ ತುಂಡು. ಮನೆ ಕಟ್ಟುವ ಕೆಲಸ ನಡೆಯುವ ಬೀದಿಗಳಲ್ಲಿ ಮೊಳೆ, ತಂತಿ ಇದಕ್ಕೆ ಸೇರಿಕೊಳ್ಳುತ್ತವೆ.

ಮೂರನೆಯದು ಚುಚ್ಚು. ಸೂಜಿ, ಸಿರಿಂಜ್, ಸೇಫ್ಟಿ ಪಿನ್, ಮುಳ್ಳು. ಇದನ್ನು ಕೊಯ್ತದ ಜೊತೆ ಸೇರಿಸಬಾರದು. ಯಾಕೆ ಅಂತ ಮುಂದೆ ಹೇಳ್ತೀನಿ.

ನಾಲ್ಕನೆಯದು ಒದ್ದೆ. ಹಸಿಕಸದಿಂದ ಸೋರುವ ನೀರು, ಕೊಳೆತ ಅನ್ನ-ಸಾರು, ಸಾರಕ್ಕಿ ಮಾರುಕಟ್ಟೆಯ ಹೂವು-ಬಾಳೆಎಲೆಯ ರಸ, ಪ್ಯಾಡ್, ಡೈಪರ್, ನಾಯಿ ಮಲ. ಇದರಲ್ಲಿ ಬ್ಯಾಕ್ಟೀರಿಯಾ, ಫಂಗಸ್, ವೈರಸ್ ಎಲ್ಲ ಇರಬಹುದು.

ಐದನೆಯದು ರಾಸಾಯನಿಕ. ಫಿನೈಲ್, ಆ್ಯಸಿಡ್, ಬಣ್ಣದ ಡಬ್ಬ, ಕೀಟನಾಶಕದ ಬಾಟಲಿ, ಹಳೆ ಬ್ಯಾಟರಿ.

ಈ ಐದಕ್ಕೂ ಒಂದೇ ಗ್ಲೌಸ್ ಇಲ್ಲ. ಯಾವ ಕಂಪನಿಯ, ಎಷ್ಟೇ ದುಬಾರಿ ಗ್ಲೌಸ್ ಆದರೂ ಇಲ್ಲ. ಹಾಗಾಗಿ ಟೆಂಡರ್ ಕಾಗದದಲ್ಲಿ ಬರೀ "ಹ್ಯಾಂಡ್ ಗ್ಲೌಸ್ – ಇಂತಿಷ್ಟು ಜೊತೆ" ಅಂತಿದ್ದರೆ ಆ ಕಾಗದ ಬರೆದವರು ಕೆಲಸವನ್ನು ನೋಡಿಲ್ಲ ಅಂತಲೇ ಅರ್ಥ.

ಯಾವುದರಿಂದ ಮಾಡಿದ್ದು?

ಅಂಗಡಿಯಲ್ಲಿ ಸಿಗುವ ಮುಖ್ಯ ಬಗೆಗಳು ಇವು.

ಹತ್ತಿ ನೂಲಿನ ಹೆಣೆದ ಗ್ಲೌಸ್: ಅಗ್ಗ, ಬೆವರು ಹೀರುತ್ತೆ. ಆದ್ರೆ ಕಸದ ನೀರನ್ನೂ ಹೀರುತ್ತೆ. ಒಮ್ಮೆ ಒದ್ದೆಯಾದರೆ ಆ ಕೊಳಕು ನೀರು ಇಡೀ ದಿನ ಚರ್ಮಕ್ಕೆ ಅಂಟಿಕೊಂಡೇ ಇರುತ್ತೆ. ಹಸಿಕಸಕ್ಕೆ ಇದನ್ನು ಕೊಡೋದಕ್ಕಿಂತ ಕೊಡದೇ ಇರೋದೇ ವಾಸಿ.

ಆಸ್ಪತ್ರೆಯ ತೆಳು ಗ್ಲೌಸ್: ಒಮ್ಮೆ ಬಳಸಿ ಬಿಸಾಡುವಂಥದ್ದು. ಒದ್ದೆ ತಡೆಯುತ್ತೆ, ಆದ್ರೆ ಪೊರಕೆ ಹಿಡಿಗೆ ಉಜ್ಜಿದರೆ ಬೇಗನೆ ಹರಿಯುತ್ತೆ. ಒಳಪದರವಾಗಿ ಉಪಯೋಗಿ, ಒಂಟಿಯಾಗಿ ಅಲ್ಲ.

ನೈಸರ್ಗಿಕ ರಬ್ಬರ್: ಮೆತ್ತಗೆ, ಚೆನ್ನಾಗಿ ಬಾಗುತ್ತೆ. ಎಣ್ಣೆ-ಜಿಡ್ಡು ತಾಗಿದರೆ ಹಾಳಾಗುತ್ತೆ. ಕೆಲವರಿಗೆ ಇದರ ಪ್ರೋಟೀನ್‌ನಿಂದ ಅಲರ್ಜಿ ಬರುತ್ತೆ.

ನೈಟ್ರೈಲ್: ಕೃತಕ ರಬ್ಬರ್. ಎಣ್ಣೆ, ಜಿಡ್ಡು ತಡೆಯುತ್ತೆ, ರಬ್ಬರ್‌ನ ಪ್ರೋಟೀನ್ ಅಲರ್ಜಿಯ ತೊಂದರೆ ಇಲ್ಲ. ಅಡುಗೆಮನೆ ಕಸ ಹೆಚ್ಚಿರುವ ಕಡೆ ಇದೇ ಒಳ್ಳೆಯದು.

ಪಿವಿಸಿ: ಅಗ್ಗದ, ದಪ್ಪ, ಉದ್ದ ತೋಳಿನ ಗ್ಲೌಸ್‌ಗಳು ಹೆಚ್ಚಾಗಿ ಇದರಲ್ಲೇ ಬರುತ್ತವೆ. ನೀರಿಗೆ ಅಡ್ಡಿಯಿಲ್ಲ, ಬೆರಳು ಮಡಚೋದು ಕಷ್ಟ.

ಚರ್ಮ: ಉಜ್ಜಾಟಕ್ಕೆ ಗಟ್ಟಿ. ರೆಂಬೆ, ಎಳನೀರು ಬುರುಡೆ, ಕಟ್ಟಡದ ಅವಶೇಷ ಎತ್ತಲು ಸರಿ. ಒದ್ದೆಯಾಗಿ ಒಣಗಿದರೆ ಬಿರುಸಾಗುತ್ತೆ, ಒಳಗಿನ ಕೊಳೆ ತೊಳೆಯೋದು ಕಷ್ಟ.

ಕೊಯ್ತ ತಡೆಯುವ ಹೆಣೆದ ಗ್ಲೌಸ್: ಎಚ್‌ಪಿಪಿಇ ಅನ್ನುವ ಗಟ್ಟಿ ಪಾಲಿಎಥಿಲೀನ್ ನೂಲಿನಲ್ಲಿ ಹೆಣೆದು, ಅಂಗೈಗೆ ನೈಟ್ರೈಲ್ ಲೇಪಿಸಿದ್ದು. ಗಾಜಿಗೆ ಚೆನ್ನಾಗಿ ತಡೆಯುತ್ತೆ. ಆದ್ರೆ ಅಂಗೈಗೆ ಮಾತ್ರ ಲೇಪ ಇದ್ದರೆ ಕೈ ಹಿಂಬದಿಯ ಹೆಣಿಗೆಯಿಂದ ಕಸದ ನೀರು ಒಳಗೆ ಇಳಿಯುತ್ತೆ. ಒಣಕಸಕ್ಕೆ ಅಂಗೈ ಲೇಪ ಸಾಕು, ಹಸಿಕಸಕ್ಕೆ ಪೂರ್ತಿ ಲೇಪ ಬೇಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಕೊಂಡರೆ ಕೊಟ್ಟ ದುಡ್ಡು ವ್ಯರ್ಥ.

ಗ್ಲೌಸ್ ಮೇಲಿನ ಅಂಕಿ ಓದೋದು ಹೇಗೆ?

ಕೈಗಾರಿಕಾ ಗ್ಲೌಸ್‌ಗಳ ಹಿಂಬದಿಯಲ್ಲಿ ಸುತ್ತಿಗೆಯ ಚಿತ್ರ ಇರುವ ಒಂದು ಗುರಾಣಿ, ಕೆಳಗೆ ಕೆಲವು ಅಂಕಿ-ಅಕ್ಷರ ಇರುತ್ತವೆ. ಅದು ಇಎನ್ 388 ಅನ್ನುವ ಯುರೋಪಿನ ಮಾನದಂಡ. ಭಾರತದಲ್ಲಿ ಮಾರುವ ಗ್ಲೌಸ್‌ಗಳ ಮೇಲೂ ಇದು ಸಾಮಾನ್ಯ. ಉದಾಹರಣೆಗೆ 4 ಎಕ್ಸ್ 4 3 ಡಿ ಅಂತ ಇದೆ ಅಂದುಕೊಳ್ಳಿ. ಎಡದಿಂದ ಓದುತ್ತಾ ಬನ್ನಿ.

ಮೊದಲ ಅಂಕಿ ಉಜ್ಜಾಟ. 0ಯಿಂದ 4. ಉಜ್ಜು ಕಾಗದಕ್ಕೆ 100 ಸುತ್ತು ತಡೆದರೆ 1, 8,000 ಸುತ್ತು ತಡೆದರೆ 4.

ಎರಡನೆಯದು ತಿರುಗುವ ಬ್ಲೇಡಿನಿಂದ ಮಾಡುವ ಹಳೆಯ ಕೊಯ್ತ ಪರೀಕ್ಷೆ. 0ಯಿಂದ 5. ಗಟ್ಟಿ ನೂಲಿಗೆ ತಾಗಿ ಬ್ಲೇಡೇ ಮೊಂಡಾಗುವ ಕಾರಣ ಈ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ.

ಮೂರನೆಯದು ಹರಿಯುವಿಕೆ, 0ಯಿಂದ 4. ನಾಲ್ಕನೆಯದು ಚುಚ್ಚು, 0ಯಿಂದ 4.

ಐದನೆಯದು ಅಕ್ಷರ. ನೇರ ಬ್ಲೇಡಿನಿಂದ ಮಾಡುವ ಹೊಸ ಕೊಯ್ತ ಪರೀಕ್ಷೆ, ಎ ಇಂದ ಎಫ್‌ವರೆಗೆ. ಎ ಅಂದ್ರೆ 2 ನ್ಯೂಟನ್, ಬಿ 5, ಸಿ 10, ಡಿ 15, ಇ 22, ಎಫ್ 30. ಒಂದು ನ್ಯೂಟನ್ ಅಂದ್ರೆ ಹೆಚ್ಚುಕಮ್ಮಿ 100 ಗ್ರಾಂ ತೂಕದ ಒತ್ತಡ. ಗಾಜಿನ ಚೂರಿರುವ ಕಸಕ್ಕೆ ನೋಡಬೇಕಾದ್ದು ಈ ಅಕ್ಷರವನ್ನ.

ಎಕ್ಸ್ ಅಂತಿದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ಕೊನೆಯಲ್ಲಿ ಪಿ ಇದ್ದರೆ ಏಟು ತಡೆಯುವ ಪರೀಕ್ಷೆಯಲ್ಲೂ ಪಾಸಾಗಿದೆ.

ಇನ್ನೊಂದು ಗುರುತು ಇಎನ್ ಐಎಸ್ಒ 374. ಇದು ರಾಸಾಯನಿಕ ಮತ್ತು ಸೂಕ್ಷ್ಮಜೀವಿಗಳಿಗೆ ಸಂಬಂಧಿಸಿದ್ದು. ಇದರ 5ನೇ ಭಾಗದ ಗುರುತು ಇದ್ದರೆ ಬ್ಯಾಕ್ಟೀರಿಯಾ, ಫಂಗಸ್ ಒಳಗೆ ಹೋಗಲ್ಲ. ಜೊತೆಗೆ ವೈರಸ್ ಅಂತ ಬರೆದಿದ್ದರೆ ಮಾತ್ರ ವೈರಸ್‌ಗೂ ತಡೆ ಇದೆ. ಹಸಿಕಸ, ಸ್ಯಾನಿಟರಿ ಕಸ ಮುಟ್ಟುವವರಿಗೆ ಈ ಗುರುತು ಇರಲೇಬೇಕು.

ಎಚ್ಚರಿಕೆ: ಗುರುತು ಅಚ್ಚು ಹಾಕೋದು ಸುಲಭ. ಸಾವಿರಗಟ್ಟಲೆ ಜೊತೆ ಕೊಳ್ಳುವವರು ಪ್ರಯೋಗಾಲಯದ ಪರೀಕ್ಷಾ ವರದಿ ಕೇಳಬೇಕು. ವರದಿಯಲ್ಲಿರುವ ಮಾಡೆಲ್ ಮತ್ತು ಕೈಗೆ ಬಂದ ಮಾಡೆಲ್ ಒಂದೇನಾ ಅಂತ ತಾಳೆ ನೋಡಬೇಕು.

ಚುಚ್ಚು 4 ಅಂದ್ರೆ ಸೂಜಿ ತಡೆಯುತ್ತಾ?

ಇಲ್ಲ. ಎಲ್ಲರೂ ತಪ್ಪು ತಿಳಿಯೋದು ಇಲ್ಲೇ.

ಇಎನ್ 388ರ ಚುಚ್ಚು ಪರೀಕ್ಷೆಗೆ ಬಳಸೋದು 4.5 ಮಿ.ಮೀ. ದಪ್ಪದ, ಮೊನೆ ಮೊಂಡಾದ ಉಕ್ಕಿನ ಕಡ್ಡಿ. ದಪ್ಪ ಮೊಳೆ ಅಂತ ಇಟ್ಟುಕೊಳ್ಳಿ. ಇನ್ಸುಲಿನ್ ಪೆನ್ನಿನ ಸೂಜಿ ಕಾಲು ಮಿ.ಮೀ. ಆಸುಪಾಸು ಇರುತ್ತೆ, ಮೊನೆ ಚೂಪು. ಮೊಳೆಯನ್ನು 150 ನ್ಯೂಟನ್‌ವರೆಗೆ ತಡೆದು 4 ಅಂಕ ಪಡೆದ ಗ್ಲೌಸ್‌ನಲ್ಲೂ ಈ ಸೂಜಿ ನುಗ್ಗಬಹುದು. ಹೆಣೆದ ಗ್ಲೌಸ್‌ನಲ್ಲಂತೂ ನೂಲನ್ನು ಕೊಯ್ಯದೆ, ಎರಡು ನೂಲಿನ ನಡುವೆ ಜಾಗ ಮಾಡಿಕೊಂಡು ಹೋಗುತ್ತೆ. ಕೊಯ್ತಕ್ಕೆ ಎಫ್ ದರ್ಜೆ ಇದ್ದರೂ ಅಷ್ಟೇ.

ವೈದ್ಯಕೀಯ ಸೂಜಿಗೇ ಬೇರೆ ಪರೀಕ್ಷೆ ಇದೆ, ಎಎಸ್‌ಟಿಎಂ ಎಫ್2878 ಅಂತ. ಅದರಲ್ಲಿ ಒಳ್ಳೆ ಅಂಕ ಪಡೆದ ಗ್ಲೌಸ್‌ಗಳು ದುಬಾರಿ, ದಪ್ಪ. ಅವೂ "ತಡೆಯುವ ಸಾಧ್ಯತೆ ಹೆಚ್ಚು" ಅನ್ನಬಹುದೇ ಹೊರತು ಸೂಜಿ ಹೋಗೋದೇ ಇಲ್ಲ ಅನ್ನುವ ಹಾಗಿಲ್ಲ. ಸೂಜಿಗೆ ಉತ್ತರ ಗ್ಲೌಸ್‌ನಲ್ಲಿಲ್ಲ, ಸೂಜಿ ಬಿಸಾಡುವ ಮನೆಯಲ್ಲಿದೆ.

ಸೈಜು: ಟೇಪ್ ಹಿಡಿದು ಅಳೆಯಿರಿ

ಬೆಂಗಳೂರಿನಲ್ಲಿ ರಸ್ತೆ ಗುಡಿಸುವವರಲ್ಲಿ ಬಹುಪಾಲು ಮಹಿಳೆಯರು. ಗಂಡಸರ ಕೈ ಅಳತೆಯ "ಫ್ರೀ ಸೈಜ್" ಗ್ಲೌಸ್ ಕೊಟ್ಟರೆ ಬೆರಳ ತುದಿಯಲ್ಲಿ ಒಂದಿಂಚು ಖಾಲಿ ರಬ್ಬರ್ ನೇತಾಡುತ್ತೆ. ಪೊರಕೆ ಜಾರುತ್ತೆ, ಕವರಿನ ಗಂಟು ಬಿಚ್ಚಲಾಗಲ್ಲ. ಹತ್ತು ನಿಮಿಷಕ್ಕೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಯಾರಾದರೂ ಅದನ್ನೇ ಮಾಡ್ತಾರೆ.

ಅಳತೆ ಸುಲಭ. ಹೆಬ್ಬೆರಳು ಬಿಟ್ಟು, ಉಳಿದ ನಾಲ್ಕು ಬೆರಳ ಗೆಣ್ಣಿನ ಸ್ವಲ್ಪ ಕೆಳಗೆ, ಅಂಗೈ ಸುತ್ತ ಟೇಪ್ ಸುತ್ತಿ. ಎಷ್ಟು ಇಂಚು ಬರುತ್ತೋ ಅದೇ ಸೈಜು. 152 ಮಿ.ಮೀ. ಅಂದ್ರೆ 6, 178 ಅಂದ್ರೆ 7, 203 ಅಂದ್ರೆ 8, 229 ಅಂದ್ರೆ 9, 254 ಅಂದ್ರೆ 10. ಒಂದು ಮಸ್ಟರಿಂಗ್ ಪಾಯಿಂಟ್‌ನಲ್ಲಿ ಹಾಜರಿ ಹಾಕುವಾಗಲೇ ಎಲ್ಲರ ಕೈ ಅಳೆದು ಹೆಸರಿನ ಮುಂದೆ ಬರೆದುಕೊಂಡರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ.

ಇನ್ನೆರಡು ವಿಷಯ. ಬಳೆ ಹಾಕುವವರಿಗೆ ಮಣಿಕಟ್ಟಿನ ಹತ್ತಿರ ಬಿಗಿಯಾದ ಗ್ಲೌಸ್ ಹಿಂಸೆ. ಬಳೆಯ ಮೇಲೆ ಹಾಯುವಷ್ಟು ಅಗಲದ, ಮುಂಗೈ ಮುಚ್ಚುವ ಉದ್ದದ ತೋಳು ಬೇಕು. ಮತ್ತೆ, ತೋಳು ತೀರಾ ಗಿಡ್ಡ ಇದ್ದರೆ ಡ್ರಮ್ಮಿಗೆ ಕೈ ಹಾಕಿದಾಗ ಕಸದ ನೀರು ಮೇಲಿನಿಂದಲೇ ಒಳಗೆ ಬರುತ್ತೆ. ಗ್ಲೌಸ್ ಒಳಗೆ ನೀರು ನಿಂತರೆ ಬರಿಗೈಗಿಂತ ಕಡೆ.

ದಪ್ಪ ಇದ್ದಷ್ಟೂ ಒಳ್ಳೆಯದಲ್ಲ

ದಪ್ಪ ಗ್ಲೌಸ್ ಹಾಕಿದರೆ ಹಿಡಿಯುವ ವಸ್ತು ಕೈಗೆ ಇನ್ನೂ ದಪ್ಪ ಆದ ಹಾಗೆ. ಅದನ್ನು ಬಿಗಿ ಹಿಡಿಯಲು ಮುಂಗೈ ಸ್ನಾಯು ಹೆಚ್ಚು ಶ್ರಮ ಪಡಬೇಕು, ಬೇಗ ಸೋಲುತ್ತೆ. ವಿಂಡ್‌ಸರ್ಫಿಂಗ್ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಗಾಳಿ ತುಂಬಿದ ಹಾಯಿಯ ಅಡ್ಡ ಕೋಲನ್ನು ಹಿಡಿದು ಅವರು ಬಹಳ ಹೊತ್ತು ನೀರಿನ ಮೇಲೆ ನಿಲ್ಲಬೇಕು. ಅಂಗೈ ದಪ್ಪ ಇರುವ ಗ್ಲೌಸ್ ಹಾಕಿದರೆ ಬೊಬ್ಬೆ ತಪ್ಪಬಹುದು, ಆದ್ರೆ ಮುಂಗೈ ಬೇಗ ಹಿಡಿದುಕೊಳ್ಳುತ್ತೆ. ಅದಕ್ಕೇ ಅವರಿಗಾಗಿ ಅಂಗೈ ತೆಳುವಾದ, ಚಳಿ ನೀರಿಗೆ ಅಂಗೈ ಭಾಗವೇ ತೆರೆದಿರುವ ಗ್ಲೌಸ್‌ಗಳು ಮಾರುಕಟ್ಟೆಗೆ ಬಂದವು. ಅಲ್ಲಿ ಹಾಕುವವರೇ ಕೊಳ್ಳುವವರು. ಸರಿಯಿಲ್ಲದಿದ್ದರೆ ಮುಂದಿನ ಸಲ ಬೇರೆ ಕಂಪನಿಯದ್ದು ಕೊಳ್ಳುತ್ತಾರೆ, ಕಂಪನಿ ತಿದ್ದಿಕೊಳ್ಳಲೇಬೇಕು.

ಗುಡಿಸುವವರ ಕೈಗೂ ಅದೇ ಸ್ನಾಯು, ಅದೇ ನಿಯಮ. ಆದ್ರೆ ಇಲ್ಲಿ ಹಾಕುವವರು ಬೇರೆ, ಕೊಳ್ಳುವವರು ಬೇರೆ. ಸರಿಯಿಲ್ಲದ ಗ್ಲೌಸ್ ಮುಂದಿನ ವರ್ಷವೂ ಬರುತ್ತೆ. ಗ್ಲೌಸ್ ಆಯ್ಕೆಯಲ್ಲಿ ರಾಜಕಾರಣ ಇರೋದು ಇಷ್ಟರಲ್ಲೇ.

ಹಾಗಾಗಿ ಕೊಳ್ಳುವ ಮೊದಲು ಹತ್ತು ಜನ ಕಾರ್ಮಿಕರಿಗೆ ಮೂರ್ನಾಲ್ಕು ಬಗೆಯ ಮಾದರಿ ಕೊಟ್ಟು ಒಂದು ವಾರ ಬಳಸಲು ಹೇಳಿ. ಜೊತೆಗೆ ಈ ಸರಳ ಪರೀಕ್ಷೆಗಳನ್ನು ಮಾಡಿ: ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಲು ಆಗುತ್ತಾ? ಸೋಪು ನೀರಿನಲ್ಲಿ ಅದ್ದಿದ ಪ್ಲಾಸ್ಟಿಕ್ ಕವರ್ ಜಾರದೆ ನಿಲ್ಲುತ್ತಾ? ಗ್ಲೌಸ್‌ಗೆ ನೀರು ತುಂಬಿ ಬಾಯಿ ಹಿಡಿದು ಒತ್ತಿದರೆ ಎಲ್ಲಾದರೂ ಜಿನುಗುತ್ತಾ? ಐದು ಸಲ ಸೋಪು ಹಾಕಿ ತೊಳೆದು ಒಣಗಿಸಿದ ಮೇಲೆ ಬಿರುಕು ಬಿಡುತ್ತಾ? ಇದಕ್ಕೆ ಪ್ರಯೋಗಾಲಯ ಬೇಡ, ಒಂದು ಬಕೆಟ್ ಸಾಕು.

ಯಾವ ಕೆಲಸಕ್ಕೆ ಯಾವುದು?

ರಸ್ತೆ ಗುಡಿಸುವವರಿಗೆ: ತೆಳು ಹೆಣಿಗೆಯ, ಅಂಗೈಗೆ ಒರಟು ನೈಟ್ರೈಲ್ ಲೇಪ ಇರುವ, ಕೈ ಹಿಂಬದಿ ಗಾಳಿಯಾಡುವ ಗ್ಲೌಸ್. ಉಜ್ಜಾಟ 3 ಅಥವಾ 4, ಕೊಯ್ತ ಬಿ ಇದ್ದರೆ ಆದೀತು. ಮಳೆಗಾಲಕ್ಕೆ ಪೂರ್ತಿ ಲೇಪದ್ದು ಬೇರೆಯೇ ಕೊಡಬೇಕು.

ಆಟೋ ಟಿಪ್ಪರ್ ಸಹಾಯಕರಿಗೆ: ಇವರದ್ದೇ ಅತಿ ಅಪಾಯದ ಕೆಲಸ, ಒದ್ದೆಯೂ ಹೌದು ಚೂಪೂ ಹೌದು. ಕೊಯ್ತ ಸಿ ಅಥವಾ ಡಿ ದರ್ಜೆಯ ಹೆಣಿಗೆ, ಮೇಲೆ ಪೂರ್ತಿ ನೈಟ್ರೈಲ್ ಲೇಪ, 30 ಸೆಂ.ಮೀ.ಗೆ ಕಡಿಮೆಯಿಲ್ಲದ ಉದ್ದ. ಒಳಗೆ ತೆಳು ನೈಟ್ರೈಲ್ ಗ್ಲೌಸ್ ಹಾಕಿದರೆ ಇನ್ನೂ ಒಳ್ಳೆಯದು. ಕವರ್ ಬಿಡಿಸಲು ಕೊಕ್ಕೆ ಅಥವಾ ಇಕ್ಕಳ ಕೊಡಲೇಬೇಕು.

ಒಣಕಸ ಕೇಂದ್ರದಲ್ಲಿ ವಿಂಗಡಿಸುವವರಿಗೆ: ಕೊಯ್ತ ಡಿ, ಅಂಗೈ ಲೇಪ, ಬೆರಳು ಚುರುಕಾಗಿ ಆಡುವಷ್ಟು ತೆಳು. ಒಂದೊಂದು ಪ್ಲಾಸ್ಟಿಕ್ಕನ್ನೂ ಮುಟ್ಟಿ ಗುರುತಿಸುವ ಕೆಲಸ ಇದು. ಬೆರಳಿಗೆ ಸ್ಪರ್ಶ ಸಿಗದಿದ್ದರೆ ಕೂಲಿಗೇ ಹೊಡೆತ.

ರಸ್ತೆ ಬದಿ ಚರಂಡಿಯ ಹೂಳು ಎತ್ತುವವರಿಗೆ: ಮೊಣಕೈವರೆಗಿನ ದಪ್ಪ ನೈಟ್ರೈಲ್ ಅಥವಾ ಪಿವಿಸಿ. ಎತ್ತೋದು ಸಲಿಕೆಯಿಂದ, ಕೈಯಿಂದ ಅಲ್ಲ.

ರೆಂಬೆ-ಕೊಂಬೆ, ಎಳನೀರು ಬುರುಡೆ ತುಂಬುವವರಿಗೆ: ಅಂಗೈಗೆ ಚರ್ಮ ಹೊಲಿದ ಗ್ಲೌಸ್.

ಎಲ್ಲರಿಗೂ ಕನಿಷ್ಠ ಎರಡು ಜೊತೆ ಬೇಕು. ಒಂದು ಒಗೆದು ಒಣಗುವಾಗ ಇನ್ನೊಂದು ಕೈಯಲ್ಲಿರಬೇಕು. ಹರಿದರೆ ಅದೇ ದಿನ ಬದಲಿಸಬೇಕು, ತಿಂಗಳ ಲೆಕ್ಕ ಹೇಳಬಾರದು.

ಗ್ಲೌಸ್ ಹಾಕಬಾರದ ಜಾಗ, ಗ್ಲೌಸ್ ಸಾಲದ ಜಾಗ

ತಿರುಗುವ ಯಂತ್ರದ ಹತ್ತಿರ ಗ್ಲೌಸ್ ಅಪಾಯ. ಕನ್ವೇಯರ್ ಬೆಲ್ಟಿನ ರೋಲರ್, ಕೊಂಬೆ ಕತ್ತರಿಸುವ ಶ್ರೆಡ್ಡರ್ ಇವು ಗ್ಲೌಸ್‌ನ ತುದಿಯನ್ನು ಎಳೆದುಕೊಂಡರೆ ಕೈಯೂ ಹೋಗುತ್ತೆ. ಅಲ್ಲಿ ಬೇಕಾದ್ದು ಯಂತ್ರಕ್ಕೆ ಕವಚ, ತಕ್ಷಣ ನಿಲ್ಲಿಸುವ ಸ್ವಿಚ್.

ಮ್ಯಾನ್‌ಹೋಲ್ ಮತ್ತು ಪಿಟ್ ಬಗ್ಗೆ ಚರ್ಚೆಯೇ ಬೇಡ. ರಕ್ಷಣಾ ಸಾಧನ ಇಲ್ಲದೆ ಮನುಷ್ಯರನ್ನು ಒಳಗಿಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿ ಕೊಲ್ಲೋದು ವಿಷಾನಿಲ ಮತ್ತು ಆಮ್ಲಜನಕದ ಕೊರತೆ. ಗ್ಲೌಸ್ ಕೊಟ್ಟಿದ್ವಿ ಅನ್ನೋದು ಅಲ್ಲಿ ರಕ್ಷಣೆಯಲ್ಲ, ನೆಪ. ಆ ಕೆಲಸ ಯಂತ್ರದ್ದು.

ವಿದ್ಯುತ್ ತಂತಿ ಬಿದ್ದಿರುವ ಕಡೆಯೂ ಅಷ್ಟೇ. ಕಸದ ಗ್ಲೌಸ್ ರಬ್ಬರ್‌ನದ್ದಾದರೂ ಕರೆಂಟಿಗೆ ತಡೆಯಲ್ಲ. ವಿದ್ಯುತ್ ಕೆಲಸದ ರಬ್ಬರ್ ಗ್ಲೌಸ್‌ಗೆ ಐಎಸ್ 4770 ಅನ್ನುವ ಪ್ರತ್ಯೇಕ ಭಾರತೀಯ ಮಾನದಂಡವೇ ಇದೆ.

ಗ್ಲೌಸ್‌ಗಿಂತ ಮೊದಲು ಬರಬೇಕಾದ್ದು

ಎಂಜಿನಿಯರಿಂಗ್‌ನಲ್ಲಿ ಸುರಕ್ಷತೆಗೆ ಒಂದು ಏಣಿ ಇದೆ. ಮೊದಲು ಅಪಾಯವನ್ನೇ ಇಲ್ಲವಾಗಿಸು. ಆಗದಿದ್ದರೆ ಬದಲಿಸು. ಆಗದಿದ್ದರೆ ಯಂತ್ರ-ಸಲಕರಣೆಯಿಂದ ಮನುಷ್ಯರನ್ನು ದೂರ ಇಡು. ಆಮೇಲೆ ಕೆಲಸದ ಕ್ರಮ ತಿದ್ದು. ಇದೆಲ್ಲ ಆದ ಮೇಲೂ ಉಳಿದ ಅಪಾಯಕ್ಕೆ ಮಾತ್ರ ಗ್ಲೌಸ್, ಮಾಸ್ಕ್. ಗ್ಲೌಸ್ ಅನ್ನೋದು ಕೊನೆಯ ಮೆಟ್ಟಿಲು.

ಕರ್ನಾಟಕದಲ್ಲಿ ಮೊದಲ ಮೆಟ್ಟಿಲಿಗೆ ದೊಡ್ಡ ಉದಾಹರಣೆಯೇ ಇದೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ಮಲ ಹೊರುವವರಿಗೆ ಗ್ಲೌಸ್ ಹಂಚಲು ಹೋಗಲಿಲ್ಲ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನೇ ನಿಷೇಧಿಸಿದರು. ಯಾವ ಕೈ ಯಾವ ಕೊಳೆ ಮುಟ್ಟಬೇಕು ಅನ್ನೋದನ್ನ ನಮ್ಮಲ್ಲಿ ಜಾತಿ ತೀರ್ಮಾನಿಸಿತ್ತು. ಇವತ್ತಿಗೂ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತರು. ಹಾಗಿರುವಾಗ ಕಸವನ್ನು ಕಲಸಿಕೊಟ್ಟು, "ಗ್ಲೌಸ್ ಹಾಕ್ಕೊಂಡು ವಿಂಗಡಿಸಿ" ಅನ್ನೋದು ಸುರಕ್ಷತೆಯ ಮಾತಲ್ಲ.

ಸೂಜಿಯ ವಿಷಯಕ್ಕೇ ಬನ್ನಿ. ಜೆ.ಪಿ. ನಗರದ ಕ್ಲಿನಿಕ್ಕಿನಲ್ಲಿ ಬಳಸಿದ ಸೂಜಿಯನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹಾಕಬೇಕು. ಪಕ್ಕದ ಮನೆಯಲ್ಲಿ ಅಜ್ಜ ಹಾಕಿಕೊಂಡ ಇನ್ಸುಲಿನ್ ಸೂಜಿ ತರಕಾರಿ ಸಿಪ್ಪೆ ಜೊತೆ ಹೋಗುತ್ತೆ. ಸೂಜಿ ಅದೇ, ಅಪಾಯ ಅದೇ. 2016ರ ಘನತ್ಯಾಜ್ಯ ನಿಯಮದಲ್ಲಿ ಇಂಥ ಸೂಜಿ-ಸಿರಿಂಜು ಮನೆಯ ಅಪಾಯಕಾರಿ ಕಸ ಆಗಿತ್ತು, ಬೇರೆಯಾಗಿಯೇ ಕೊಡಬೇಕಿತ್ತು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು ಅನ್ನೋದು ನೆನಪಿರಲಿ.

ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಿಂದಲೇ ಬಂದಿದೆ. ಹಸಿರು ಬುಟ್ಟಿಗೆ ಹಸಿಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣಕಸ. ಇದನ್ನು ಪಾಲಿಸಿದರೆ ಅತಿ ದುಬಾರಿ ಗ್ಲೌಸ್‌ಗಿಂತ ಹೆಚ್ಚು ಕೈ ಉಳಿಯುತ್ತೆ.

ಸೂಜಿ ಚುಚ್ಚಿದರೆ

ಹಿಂಡಬೇಡಿ, ಬಾಯಲ್ಲಿ ಚೀಪಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಶಿಫ್ಟ್ ಮುಗಿಯಲಿ ಅಂತ ಕಾಯದೆ ತಕ್ಷಣ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎಚ್‌ಐವಿ ತಡೆಯುವ ಔಷಧ ಬೇಕೋ ಇಲ್ಲವೋ ವೈದ್ಯರು ಹೇಳ್ತಾರೆ. ಬೇಕಿದ್ದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಟಿಟಿ ಮತ್ತು ಹೆಪಟೈಟಿಸ್ ಬಿ ಲಸಿಕೆ ಬಗ್ಗೆಯೂ ಕೇಳಿ. ಘಟನೆಯನ್ನು ಮೇಸ್ತ್ರಿ ಹತ್ತಿರ ಬರಹದಲ್ಲೇ ದಾಖಲಿಸಿ. ನಾಳೆ ಪರಿಹಾರ ಕೇಳಲು ಆ ಕಾಗದವೇ ಆಧಾರ. ಹೆಪಟೈಟಿಸ್ ಬಿ ಲಸಿಕೆಯನ್ನು ಚುಚ್ಚುವವರೆಗೂ ಕಾಯದೆ ಮೊದಲೇ ಕೊಡಿಸುವುದು ಕೆಲಸ ಕೊಟ್ಟವರ ಹೊಣೆ ಆಗಬೇಕು. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ನೀವು ಏನು ಮಾಡಬಹುದು?

ಮನೆಯಲ್ಲಿ: ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ತುಂಬಿದ ಮೇಲೆ ಮುಚ್ಚಳ ಟೇಪ್ ಮಾಡಿ, ಮೇಲೆ "ಸೂಜಿ" ಅಂತ ಕನ್ನಡದಲ್ಲಿ ಬರೆದು ಕೈಗೇ ಕೊಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ "ಗಾಜು" ಅಂತ ಬರೆಯಿರಿ. ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿಯೇ ಕೆಂಪು ಬುಟ್ಟಿಗೆ ಹಾಕಿ.

ಅಪಾರ್ಟ್‌ಮೆಂಟ್‌ನಲ್ಲಿ: ಹೌಸ್‌ಕೀಪಿಂಗ್ ಏಜೆನ್ಸಿಯ ಒಪ್ಪಂದದಲ್ಲಿ "ಗ್ಲೌಸ್" ಅಂತ ಬರೀ ಪದ ಇದ್ದರೆ ತಿದ್ದಿಸಿ. ಬಗೆ, ದರ್ಜೆ, ಸೈಜು, ಬದಲಿ ಜೊತೆ ನಾಲ್ಕನ್ನೂ ಬರೆಸಿ.

ವಾರ್ಡ್‌ನಲ್ಲಿ: 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ. ಕಳೆದ ವರ್ಷ ಕೊಂಡ ಗ್ಲೌಸ್‌ನ ತಾಂತ್ರಿಕ ವಿವರಣೆ, ಸೈಜುವಾರು ಸಂಖ್ಯೆ, ಪರೀಕ್ಷಾ ವರದಿ, ವಿತರಣಾ ರಿಜಿಸ್ಟರ್‌ನ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅವಕಾಶ ಕಾಯ್ದೆಯ ಸೆಕ್ಷನ್ 2(ಜೆ)ನಲ್ಲಿದೆ: ಕಾಗದ ಮಾತ್ರವಲ್ಲ, ವಸ್ತುವಿನ ದೃಢೀಕೃತ ಮಾದರಿಯನ್ನೂ ಕೇಳಬಹುದು. ಅಂದ್ರೆ ಆ ಗ್ಲೌಸ್‌ನ್ನೇ ಕೇಳಿ ಪಡೆಯಬಹುದು. ತಂದು ಬಕೆಟ್ ಪರೀಕ್ಷೆ ಮಾಡಿ ನೋಡಿ.

ಅಧಿಕಾರಿಗಳು ಹೇಳುವ ಒಂದು ಕಾರಣ, ಟೆಂಡರ್‌ನಲ್ಲಿ ಕಡಿಮೆ ಬೆಲೆಗೇ ಕೊಳ್ಳಬೇಕು ಅನ್ನೋದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆ ಕಡಿಮೆ ಬೆಲೆ ನೋಡುತ್ತೆ ನಿಜ. ಆದ್ರೆ ಅದು ಟೆಂಡರ್‌ನಲ್ಲಿ ಬರೆದ ಅರ್ಹತೆ ಮುಟ್ಟಿದವರ ನಡುವೆ. "ಕೊಯ್ತ ಡಿ, ಪೂರ್ತಿ ನೈಟ್ರೈಲ್ ಲೇಪ, ಸೈಜು 6ರಿಂದ 10, ಕಾರ್ಮಿಕರ ಬಳಕೆ ಪರೀಕ್ಷೆಯಲ್ಲಿ ಪಾಸಾಗಿರಬೇಕು" ಅಂತ ಬರೆದರೆ ಅಗ್ಗದ ಕಳಪೆ ಮಾಲು ಬಾಗಿಲಲ್ಲೇ ನಿಲ್ಲುತ್ತೆ. ಬರೆಯೋದಕ್ಕೆ ದುಡ್ಡು ಬೇಕಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 23ಕ್ಕೆ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಅವತ್ತು ಹಾರ, ಶಾಲು, ಊಟ, ಫೋಟೊ ಎಲ್ಲ ಇರುತ್ತೆ. ಶಾಲಿಗೆ ಸೈಜು ನೋಡಬೇಕಿಲ್ಲ, ಗ್ಲೌಸ್‌ಗೆ ನೋಡಬೇಕು. ಮುಂದಿನ ಟೆಂಡರ್ ಕರೆಯುವ ಮೊದಲು ನಿಮ್ಮ ವಾರ್ಡ್‌ನ ಮಸ್ಟರಿಂಗ್ ಪಾಯಿಂಟ್‌ಗೆ ಒಬ್ಬರು ಟೇಪ್ ಹಿಡಿದು ಬಂದರಾ ಅಂತ ಕೇಳಿ.